ಮೇಷ್ಟ್ರು ಮನೆಮನೆಗೂ ಬಂದ್ರು, ಮಗು ಓದಿನ ಮಾತೊಂದು ಬರ್ಲಿಲ್ಲ

2025ರ ದಸರಾ ರಜೆ ನೆನಪಿದೆಯಲ್ಲ. ಸೆಪ್ಟೆಂಬರ್ 22ಕ್ಕೆ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಶುರುವಾಯ್ತು, ಅಕ್ಟೋಬರ್ 7ಕ್ಕೆ ಮುಗೀಬೇಕಿತ್ತು, ಮುಗೀಲಿಲ್ಲ, ಆಮೇಲೆ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ 18ನೇ ತಾರೀಖಿನವರೆಗೂ ರಜೆ ಮುಂದುವರ್ಸಿದ್ರು, ಯಾಕಂದ್ರೆ ಬಿಸಿಲಲ್ಲಿ ಮನೆಮನೆ ಸುತ್ತಿ, ಕರೆಂಟ್ ಮೀಟರ್ ಪಕ್ಕದ ಸ್ಟಿಕ್ಕರ್ ಹುಡುಕಿ, ಮೊಬೈಲ್ ಆಪ್‌ನಲ್ಲಿ 60 ಪ್ರಶ್ನೆ ತುಂಬಿಸ್ತಿದ್ದವರು ಬಹುತೇಕ ನಮ್ಮ ಮಕ್ಕಳ ಟೀಚರ್‌ಗಳೇ. ಸಮೀಕ್ಷೆ ಬೇಕಿತ್ತೋ ಬೇಡ್ವೋ ಅನ್ನೋ ಜಗಳಕ್ಕೆ ನಾನಿಲ್ಲಿ ಹೋಗಲ್ಲ, ನಂಗದು ಬೇಕಿತ್ತು ಅಂತಾನೇ ಅನಿಸೋದು. ಆದ್ರೆ ಒಂದು ವಿಷಯ ತಲೇಲಿ ಕೂತುಬಿಡ್ತು. ಎಷ್ಟೋ ವರ್ಷ ಆದ್ಮೇಲೆ ಮೇಷ್ಟ್ರು ಊರಿನ ಪ್ರತಿ ಮನೆ ಬಾಗಿಲಿಗೂ ಬಂದ್ರು, ಜಾತಿ ಕೇಳಿದ್ರು, ಉಪಜಾತಿ ಕೇಳಿದ್ರು, ಜಮೀನು, ಸಾಲ, ದನಕರು ಎಲ್ಲಾ ಕೇಳಿದ್ರು, ಓಟಿಪಿ ಬಂತಾ ಅಂತ ಕಾದು ಕೂತ್ರು, ಮುಂದಿನ ಮನೆಗೆ ಹೋದ್ರು. "ನಿಮ್ಮ ಹುಡುಗಿ ಕಳೆಯೋ ಲೆಕ್ಕದಲ್ಲಿ ನಿಂತುಬಿಟ್ಟಿದಾಳೆ ಕಣಮ್ಮ" ಅಂತ ಹೇಳೋಕೆ ಆ ಆಪ್‌ನಲ್ಲಿ ಜಾಗ ಇರ್ಲಿಲ್ಲ, ಮೇಷ್ಟ್ರಿಗೆ ಟೈಮೂ ಇರ್ಲಿಲ್ಲ.

ಶಿಕ್ಷಣ ಹಕ್ಕು ಕಾಯ್ದೆ, ಅಂದ್ರೆ 2009ರ ಆರ್‌ಟಿಇ, ಇದ್ರ ಬಗ್ಗೆ ಏನು ಹೇಳುತ್ತೆ ಅಂದ್ರೆ, ಸೆಕ್ಷನ್ 27ರಲ್ಲಿ ಶಿಕ್ಷಕರನ್ನ ಪಾಠ ಬಿಟ್ಟು ಬೇರೆ ಕೆಲಸಕ್ಕೆ ಹಾಕೋ ಹಾಗಿಲ್ಲ, ಹತ್ತು ವರ್ಷಕ್ಕೊಂದ್ಸಲ ಬರೋ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಇಷ್ಟಕ್ಕೆ ಮಾತ್ರ ವಿನಾಯ್ತಿ. ಈ ಸಮೀಕ್ಷೆ ಆ ಲಿಸ್ಟಲ್ಲಿ ಬರುತ್ತಾ ಇಲ್ವಾ ಅಂತ ವಕೀಲರು ವಾದ ಮಾಡ್ಕೊಳ್ಲಿ. ನಂಗೆ ಅದೇ ಕಾಯ್ದೆಯ ಸೆಕ್ಷನ್ 24 ಮುಖ್ಯ. ಅಲ್ಲಿ ಶಿಕ್ಷಕರ ಕರ್ತವ್ಯ ಪಟ್ಟಿ ಇದೆ, ಟೈಮಿಗೆ ಬರೋದು, ಪಠ್ಯ ಮುಗಿಸೋದು, ಪ್ರತಿ ಮಗುವಿನ ಕಲಿಕಾ ಸಾಮರ್ಥ್ಯ ನೋಡಿ ಬೇಕಾದ್ರೆ ಹೆಚ್ಚುವರಿ ಪಾಠ ಹೇಳೋದು, ಆಮೇಲೆ ಪೋಷಕರ ಜೊತೆ ನಿಯಮಿತವಾಗಿ ಸಭೆ ಮಾಡಿ ಮಗುವಿನ ಹಾಜರಾತಿ, ಕಲಿಯೋ ಶಕ್ತಿ, ಪ್ರಗತಿ ಎಲ್ಲಾ ತಿಳಿಸೋದು. ಅಂದ್ರೆ ಮನೆಯವರ ಜೊತೆ ಮಗುವಿನ ಕಲಿಕೆ ಬಗ್ಗೆ ಮಾತಾಡೋದು ಮೇಷ್ಟ್ರ ಒಳ್ಳೇತನ ಅಲ್ಲ, ಕಾನೂನಿನ ಪ್ರಕಾರ ಅವರ ಡ್ಯೂಟಿ. ಆ ಡ್ಯೂಟಿಗೆ ಟೈಮ್ ಟೇಬಲ್‌ನಲ್ಲಿ ಒಂದು ಪೀರಿಯಡ್ ಇದೆಯಾ ಅಂತ ಯಾವ್ದಾದ್ರೂ ಶಾಲೇಲಿ ಹೋಗಿ ನೋಡಿ.

ಇಲ್ಲಿಂದ್ಲೇ ನನ್ನ ವಾದ ಶುರು. ಕಳೆದ 25 ವರ್ಷದಿಂದ ನಮ್ಮ ರಾಜ್ಯದಲ್ಲಿ "ಸಮುದಾಯದ ಸಹಭಾಗಿತ್ವ" ಅನ್ನೋ ಮಾತು ಪ್ರತಿ ಸುತ್ತೋಲೆಯಲ್ಲೂ ಇದೆ. ಊರವರು ಕೈ ಜೋಡಿಸಿದ್ರೆ ಮೇಷ್ಟ್ರ ಹೊರೆ ಇಳಿಯುತ್ತೆ ಅಂತ ಎಲ್ರೂ ಅಂದ್ಕೊಂಡಿದೀವಿ. ಆದ್ರೆ ಆಗ್ತಿರೋದು ಉಲ್ಟಾ. ಊರವರು, ಸಂಘ ಸಂಸ್ಥೆಗಳು, ಗ್ರಾಮ ಪಂಚಾಯಿತಿ, ಕಂಪನಿ ಫೌಂಡೇಶನ್‌ಗಳು ಒಳಗೆ ಬಂದಷ್ಟೂ ಮೇಷ್ಟ್ರ ಕೆಲಸ ಜಾಸ್ತಿ ಆಗುತ್ತೆ, ಮೊದಲಿಗಿಂತ ಕಷ್ಟಾನೂ ಆಗುತ್ತೆ, ಆಗಲೇಬೇಕು ಕೂಡ. ಯಾಕಂದ್ರೆ ಹತ್ತು ಜನ ಸಹಾಯಕ್ಕೆ ಬಂದಾಗ ಯಾವ ಮಗುವಿಗೆ ಯಾವ ಸಹಾಯ ಅಂತ ಹೇಳೋಕೆ ಒಬ್ರು ಬೇಕು. ಆ ಕೆಲಸವನ್ನ ಕೆಲಸ ಅಂತ ಸರ್ಕಾರ ಲೆಕ್ಕಕ್ಕೇ ತಗೊಂಡಿಲ್ಲ, ತೊಂದರೆ ಇರೋದು ಅಲ್ಲಿ.

ಸ್ವಲ್ಪ ಹಿಂದಕ್ಕೆ ಹೋಗೋಣ. 2001ರಲ್ಲಿ ವಿಜ್ಞಾನಿ ರಾಜಾ ರಾಮಣ್ಣ ನೇತೃತ್ವದ ಕಾರ್ಯಪಡೆ ಶಿಫಾರಸು ಮಾಡಿದ್ಮೇಲೆ ಸರ್ಕಾರಿ ಶಾಲೆಗಳಲ್ಲಿ ಎಸ್‌ಡಿಎಂಸಿ, ಅಂದ್ರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಬಂತು, ಮಕ್ಕಳ ಅಪ್ಪ ಅಮ್ಮಂದಿರೇ ಸದಸ್ಯರಾಗಿ ಶಾಲೆ ಮೇಲೆ ಕಣ್ಣಿಡ್ಬೇಕು ಅಂತ. ದೇಶದಲ್ಲಿ ಆರ್‌ಟಿಇ ಬರೋಕೆ ಎಷ್ಟೋ ಮುಂಚೆ ಮಾಡಿದ್ದು ಇದು, ಅದಕ್ಕೆ ನಾವು ಹೆಮ್ಮೆ ಪಡಬಹುದು. ಆಮೇಲೆ ಆರ್‌ಟಿಇ ಸೆಕ್ಷನ್ 21 ಬಂತು, ಸಮಿತಿಯಲ್ಲಿ ಮುಕ್ಕಾಲು ಭಾಗ ಪೋಷಕರೇ ಇರ್ಬೇಕು, ಅರ್ಧ ಹೆಂಗಸರು ಇರ್ಬೇಕು ಅಂತ. ಜೊತೆಗೆ ನಮ್ಮಲ್ಲಿ "ಸಮುದಾಯದತ್ತ ಶಾಲೆ" ಅಂತ ಕಾರ್ಯಕ್ರಮ ಇದೆ, ಅಪ್ಪ ಅಮ್ಮ ಬಂದು ಮಗು ಬರೆದಿದ್ದು ನೋಡಿ ಸಹಿ ಹಾಕಿ ಹೋಗೋದು.

ಕಾಗದದ ಮೇಲೆ ಎಲ್ಲಾ ಚೆನ್ನಾಗಿದೆ. ನಮ್ಮ ಕಡೆ ಎಸ್‌ಡಿಎಂಸಿ ಸಭೆಗಳಲ್ಲಿ ಕೂತು ನೋಡಿದೀನಿ, ಏನು ನಡಿಯುತ್ತೆ ಅಂದ್ರೆ ಕಾಂಪೌಂಡು ಬಿದ್ದಿರೋದು, ಟಾಯ್ಲೆಟ್ ಬಾಗಿಲು, ಬಣ್ಣ ಹೊಡೆಸೋದು, ಆಗಸ್ಟ್ 15ಕ್ಕೆ ಲಾಡು ಕೊಡೋದಾ ಚಾಕಲೇಟಾ, ಬೋರ್‌ವೆಲ್ ಮೋಟಾರು ಯಾರು ರಿಪೇರಿ ಮಾಡಿಸ್ಬೇಕು, ಇಷ್ಟರಲ್ಲೇ ಸಭೆ ಮುಗಿಯುತ್ತೆ. ನಡಾವಳಿ ಪುಸ್ತಕ ಕೈಯಿಂದ ಕೈಗೆ ಹೋಗುತ್ತೆ, ಸಹಿ ಬೀಳುತ್ತೆ, ಕೆಲವರದ್ದು ಹೆಬ್ಬೆಟ್ಟು. ಎದ್ದು ಹೋಗುವಾಗ ಯಾರೋ ಒಬ್ಬ ತಾಯಿ ಹಿಂಜರೀತಾ ಕೇಳ್ತಾರೆ, "ಮೇಡಂ, ನಮ್ ಹುಡ್ಗ ಓದ್ತಾನಾ?" ಮೇಡಂ ಹೇಳ್ತಾರೆ, "ಓದ್ತಾನೆ ಬಿಡಿ ಅಕ್ಕ, ಸ್ವಲ್ಪ ತುಂಟ ಅಷ್ಟೇ." ಮುಗೀತು. ಕಾನೂನು ಹೇಳೋ ಪೋಷಕರ ಸಭೆ ಅಂದ್ರೆ ನಮ್ಮಲ್ಲಿ ಬಾಗಿಲ ಹತ್ರ ಆಗೋ ಈ ಎರಡು ಮಾತು. ಇಬ್ರ ಮೇಲೂ ನಂಗೆ ಬೇಜಾರಿಲ್ಲ. ಆ ತಾಯಿಗೆ ಏನು ಕೇಳ್ಬೇಕು ಅಂತ ಯಾರೂ ಹೇಳಿಕೊಟ್ಟಿಲ್ಲ, ಆ ಮೇಡಂಗೆ ಆ ಹುಡುಗನ ಬಗ್ಗೆ ಹತ್ತು ನಿಮಿಷ ಕೂತು ಯೋಚಿಸೋಕೆ ಆ ತಿಂಗಳಲ್ಲಿ ಪುರುಸೊತ್ತು ಸಿಕ್ಕಿಲ್ಲ.

ಹಾಗಂತ ಮೇಷ್ಟ್ರ ಪಾತ್ರ ಬದಲಾಗೇ ಇಲ್ಲ ಅಂತಲ್ಲ. ತರಗತಿ ಒಳಗೆ ಅದು ಬದಲಾಗಿ ಬಹಳ ವರ್ಷ ಆಯ್ತು, ಅದೂ ನಮ್ಮ ಹೆಗ್ಗಡದೇವನಕೋಟೆಯಿಂದ. 1995ರ ಹೊತ್ತಿಗೆ ಆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿವ್ಯಾಲಿ ಶಾಲೆ ನೋಡ್ಕೊಂಡು ಬಂದು, ಯುನಿಸೆಫ್ ನೆರವಲ್ಲಿ ಶುರು ಮಾಡಿದ್ದು ನಲಿ ಕಲಿ. 2009-10ಕ್ಕೆ ಅದು ಇಡೀ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆ ಬಂತು. ನಲಿ ಕಲಿ ಕೋಣೆಗೆ ಹೋಗದೇ ಇರೋರಿಗೆ ಹೇಳ್ತೀನಿ, ಅಲ್ಲಿ ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳು ಒಟ್ಟಿಗೆ ನೆಲದ ಮೇಲೆ ಗುಂಪು ಗುಂಪಾಗಿ ಕೂತಿರ್ತಾರೆ, ಮೇಲೆ ದಾರ ಕಟ್ಟಿದ ಚಪ್ಪರದಲ್ಲಿ ಅವರೇ ಮಾಡಿದ ಚಿತ್ರ ತೂಗಾಡ್ತಿರುತ್ತೆ, ಗೋಡೇಲಿ ಕಲಿಕಾ ಏಣಿ ಇರುತ್ತೆ, ಮಗು ಏಣಿ ನೋಡಿ ತಾನು ಎಲ್ಲಿದೀನಿ ಅಂತ ಕಂಡ್ಕೊಂಡು, ಅದರ ಚಿಹ್ನೆ ಇರೋ ಕಾರ್ಡು ತಗೊಂಡು ತನ್ನ ತಟ್ಟೆಗೆ ಹೋಗಿ ಕೂರುತ್ತೆ. ಐದು ತಟ್ಟೆ. ಮೊದಲನೇದರಲ್ಲಿ ಪೂರ್ತಿ ಟೀಚರ್ ಸಹಾಯ, ಎರಡನೇದರಲ್ಲಿ ಅರ್ಧ, ಮೂರು ಮತ್ತು ನಾಲ್ಕರಲ್ಲಿ ಪಕ್ಕದ ಮಕ್ಕಳ ಸಹಾಯ, ಐದರಲ್ಲಿ ಮಗು ತಾನೇ ಕಲಿಯೋದು.

ಇದರ ಅರ್ಥ ಏನು ಅಂದ್ರೆ, ಟೀಚರ್ ಒಬ್ರೇ ನಿಂತು ಎಲ್ಲರಿಗೂ ಒಂದೇ ಪಾಠ ಹೇಳೋ ಪದ್ಧತಿ ಅಲ್ಲಿಗೆ ಬಿಟ್ಟುಹೋಯ್ತು. ಯಾವ ಮಗುವಿಗೆ ಈಗ ನನ್ನ ಸಹಾಯ ಬೇಕು, ಯಾವುದಕ್ಕೆ ಗೆಳತಿ ಸಾಕು, ಯಾವುದನ್ನ ಸುಮ್ನೆ ಬಿಡಬೇಕು ಅಂತ ನಿಮಿಷ ನಿಮಿಷಕ್ಕೂ ತೀರ್ಮಾನ ಮಾಡೋದೇ ಕೆಲಸ. ನಲಿ ಕಲಿ ಬಗ್ಗೆ ದೂರು ಬೇಕಾದಷ್ಟಿದೆ, ಕಾರ್ಡು ಹಳೇದಾಗಿರುತ್ತೆ, ಮಗು ಎಲ್ಲೀವರೆಗೆ ಕಲಿತಿದೆ ಅಂತ ಗುರುತು ಹಾಕೋ ಪ್ರಗತಿ ನೋಟ ಸುಮ್ನೆ ತುಂಬಿಸ್ತಾರೆ, ನಾಲ್ಕನೇ ಕ್ಲಾಸಿಗೆ ಹೋದ ತಕ್ಷಣ ಮತ್ತೆ ಹಳೇ ಬೆಂಚು ಬೋರ್ಡು ಪದ್ಧತಿ ಅಂತ, ಎಲ್ಲಾ ನಿಜ. ಆದ್ರೂ ಆ ಐದು ತಟ್ಟೆಯ ಲೆಕ್ಕಾಚಾರ ಇದೆಯಲ್ಲ, ಊರಿನವರನ್ನ ಕಲಿಕೆಗೆ ಸೇರಿಸ್ಕೋಬೇಕು ಅಂದ್ರೆ ಬೇಕಾಗೋದು ಅದೇ ಬುದ್ಧಿ, ಶಾಲೆ ಗೋಡೆ ಆಚೆಗೆ ಹಿಗ್ಗಿಸಿದ್ದು ಅಷ್ಟೇ.

ಗೋಡೆ ಆಚೆಗೆ ಹಿಗ್ಗಿದ್ದು 2020ರಲ್ಲಿ, ಬಲವಂತಕ್ಕೆ. ಕೊರೊನಾ ಬಂದು ಶಾಲೆ ಮುಚ್ಚಿದಾಗ ಆಗಸ್ಟ್‌ನಲ್ಲಿ ವಿದ್ಯಾಗಮ ಶುರುವಾಯ್ತು. ಮಕ್ಕಳನ್ನ ಮೂರು ಥರ ವಿಂಗಡಿಸಿದ್ರು, ಇಂಟರ್ನೆಟ್ ಇರೋ ಫೋನ್ ಇರೋರು, ಬರೀ ಮಾತಾಡೋ ಫೋನ್ ಇರೋರು, ಏನೂ ಇಲ್ಲದೋರು. ಒಬ್ಬೊಬ್ಬ ಮಾರ್ಗದರ್ಶಿ ಶಿಕ್ಷಕರಿಗೆ ಒಂದಷ್ಟು ಮಕ್ಕಳು. ಅರಳಿಕಟ್ಟೆ, ದೇವಸ್ಥಾನದ ಜಗುಲಿ, ಸಮುದಾಯ ಭವನ, ಯಾರದ್ದೋ ಮನೆ ಪಡಸಾಲೆ, ಎಲ್ಲಿ ಜಾಗ ಸಿಕ್ತೋ ಅಲ್ಲಿ ಪಾಠ. ಅಲ್ಲೀವರೆಗೂ ಮೇಷ್ಟ್ರು ಬಸ್ಸಿಂದ ಇಳಿದು ಶಾಲೆಗೆ, ಶಾಲೆಯಿಂದ ಬಸ್ಸಿಗೆ ಅಷ್ಟೇ ನೋಡಿದ್ದ ಊರು, ಈಗ ಕೇರಿ ಕೇರಿ ನೋಡ್ಬೇಕಾಯ್ತು. ಯಾವ ಹುಡುಗಿ ತಮ್ಮನ್ನ ಎತ್ಕೊಂಡೇ ಪಾಠಕ್ಕೆ ಬರ್ತಾಳೆ, ಯಾವ ಹುಡುಗ ಬೆಳಗ್ಗೆ ಕುರಿ ಹೊಡ್ಕೊಂಡು ಹೋಗ್ತಾನೆ, ಯಾರ ಮನೇಲಿ ಕೂತು ಬರೆಯೋಕೆ ಜಾಗಾನೇ ಇಲ್ಲ, ಹಾಜರಿ ಪುಸ್ತಕದಲ್ಲಿ ಇಲ್ಲದ ವಿಷಯ ಇವೆಲ್ಲ.

ಅಕ್ಟೋಬರ್‌ನಲ್ಲಿ ಸೋಂಕಿನ ಸುದ್ದಿಗಳು ಬಂದ್ಮೇಲೆ ಆಗಿನ ಮಂತ್ರಿ ಸುರೇಶ್ ಕುಮಾರ್ ವಿದ್ಯಾಗಮ ನಿಲ್ಲಿಸಿದ್ರು, 2021ರ ಜನವರಿಯಲ್ಲಿ ಶಾಲೆ ಆವರಣದಲ್ಲೇ ಮತ್ತೆ ಶುರುವಾಯ್ತು. ನಿಲ್ಲಿಸಿದ್ದು ಸರೀನಾ ತಪ್ಪಾ ಅಂತ ಈಗ ಹೇಳೋದು ಸುಲಭ, ಆಗಿನ ಭಯ ಬೇರೆ. ನನ್ನ ತಕರಾರು ಬೇರೆಯದ್ದು. ಶಾಲೆ ಪೂರ್ತಿ ತೆರೆದ್ಮೇಲೆ ವಿದ್ಯಾಗಮದಲ್ಲಿ ಮೇಷ್ಟ್ರುಗಳು ಊರಿನ ಬಗ್ಗೆ ಕಲಿತಿದ್ದನ್ನ ಇಲಾಖೆ ಹಾಗೇ ಬಿಟ್ಟುಬಿಡ್ತು. 2022-23ಕ್ಕೆ ಕಲಿಕಾ ಚೇತರಿಕೆ ಅಂತ ಕಾರ್ಯಕ್ರಮ ಬಂತು, ಕಲಿಕಾ ಹಾಳೆಗಳು ಬಂದವು, ಕಳೆದುಹೋದ ಎರಡು ವರ್ಷದ ಕಲಿಕೆ ತುಂಬಿಸೋಕೆ, ಒಳ್ಳೇ ಪ್ರಯತ್ನಾನೇ ಅದು. ಆದ್ರೆ ಅದು ಮತ್ತೆ ನಾಲ್ಕು ಗೋಡೆ ಒಳಗಿನ ಕೆಲಸ ಆಯ್ತು.

ಮಕ್ಕಳು ಎಲ್ಲಿದಾರೆ ಅನ್ನೋಕೆ ಒಂದು ಅಂಕಿ ಸಾಕು. ಹಳ್ಳಿ ಮಕ್ಕಳ ಓದು, ಲೆಕ್ಕ ಪರೀಕ್ಷಿಸೋ ಅಸರ್ ಸಮೀಕ್ಷೆ ಪ್ರಕಾರ ದೇಶದ ಗ್ರಾಮೀಣ ಸರ್ಕಾರಿ ಶಾಲೆಗಳಲ್ಲಿ ಮೂರನೇ ಕ್ಲಾಸಿನ ಮಕ್ಕಳಲ್ಲಿ ಎರಡನೇ ಕ್ಲಾಸಿನ ಪಾಠ ಓದೋಕೆ ಬರೋರು 2022ರಲ್ಲಿ ಶೇ 16.3 ಇದ್ರು, 2024ಕ್ಕೆ ಶೇ 23.4 ಆದ್ರು. ಏರಿದೆ, ಖುಷಿ ಪಡೋಣ. ಆದ್ರೂ ನಾಲ್ಕರಲ್ಲಿ ಮೂರು ಮಕ್ಕಳು ಇನ್ನೂ ಆಚೆನೇ ಇದಾರೆ. ಇವರನ್ನ 30-40 ಮಕ್ಕಳ ಮಧ್ಯೆ ಒಬ್ಬ ಟೀಚರ್ ಒಬ್ರೇ ಮೇಲೆತ್ತೋಕೆ ಆಗಲ್ಲ, ಅದಕ್ಕೇ ಊರವರು ಬೇಕು ಅನ್ನೋದು. ಇಲ್ಲಾಂದ್ರೆ ಏನಾಗುತ್ತೆ, ದುಡ್ಡಿರೋರು ಟ್ಯೂಷನ್‌ಗೆ ಕಳಿಸ್ತಾರೆ. ಅದೇ ಅಸರ್‌ನಲ್ಲಿ ದುಡ್ಡು ಕೊಟ್ಟು ಟ್ಯೂಷನ್‌ಗೆ ಹೋಗೋ ಮಕ್ಕಳು 2018ರ ಶೇ 26.4ರಿಂದ 2022ಕ್ಕೆ ಶೇ 30.5 ಆಗಿದ್ರು. ದುಡ್ಡಿಲ್ಲದ ಮನೆ ಮಗುವಿಗೆ ಸಂಜೆ ಹೊತ್ತು ಯಾರು ಅನ್ನೋದೇ ಪ್ರಶ್ನೆ.

ಊರಿನ ಪಿಯುಸಿ ಓದಿದ ಹುಡುಗಿ ಸಂಜೆ ಮಕ್ಕಳಿಗೆ ಹೇಳಿಕೊಡ್ತಾಳೆ ಅಂದ್ಕೊಳ್ಳಿ, ಎಷ್ಟೋ ಕಡೆ ಹೇಳಿಕೊಡ್ತಾರೆ ಕೂಡ. ನಾಲ್ಕನೇ ಕ್ಲಾಸಿನ ಹುಡುಗ 52ರಲ್ಲಿ 27 ಕಳೆದು 35 ಅಂತ ಬರೀತಾನೆ. ಅವಳು ತಪ್ಪು ಅಂತ ಕೆಂಪು ಗೆರೆ ಎಳೆದು ಸರಿ ಉತ್ತರ ಬರೆಸ್ತಾಳೆ, ಹತ್ತು ಸಲ ಬರಿ ಅಂತಾಳೆ. ಅವನು ಬರೀತಾನೆ, ನಾಳೆ 64ರಲ್ಲಿ 38 ಕಳೆದು 34 ಅಂತ ತರ್ತಾನೆ. ಅನುಭವ ಇರೋ ಟೀಚರ್ ಆ 35 ನೋಡಿದ ತಕ್ಷಣ ಹಿಡೀತಾರೆ, ಇವನು ಎರಡರಲ್ಲಿ ಏಳು ಹೋಗಲ್ಲ ಅಂತ ಏಳರಲ್ಲಿ ಎರಡು ಕಳೆದಿದಾನೆ, ಯಾವಾಗ್ಲೂ ದೊಡ್ಡದರಿಂದ ಚಿಕ್ಕದು ಕಳೀಬೇಕು ಅಂತ ಯಾರೋ ಹೇಳಿದ್ದನ್ನ ಗಟ್ಟಿಯಾಗಿ ಹಿಡ್ಕೊಂಡಿದಾನೆ, ಐವತ್ತೆರಡು ಅಂದ್ರೆ ಐದು ಹತ್ತು, ಎರಡು ಬಿಡಿ ಅನ್ನೋದೇ ಅವನಿಗೆ ಕೂತಿಲ್ಲ. ಅವನಿಗೆ ಬೇಕಾಗಿರೋದು ಇನ್ನೂ ಹತ್ತು ಕಳೆಯೋ ಲೆಕ್ಕ ಅಲ್ಲ, ಹುಣಸೆ ಬೀಜಾನೋ ಕಡ್ಡಿನೋ ಹತ್ತತ್ತು ಕಟ್ಟು ಕಟ್ಟಿ, ಒಂದು ಕಟ್ಟು ಬಿಚ್ಚಿ ತೋರಿಸೋದು. ಟೀಚರ್ ಆ ಹುಡುಗಿಗೆ "ಇವನಿಗೆ ಒಂದು ವಾರ ಬರೀ ಕಟ್ಟು ಬಿಚ್ಚೋದೇ ಮಾಡ್ಸಮ್ಮ, ಬರೆಸೋಕೆ ಹೋಗ್ಬೇಡ" ಅಂತ ಒಂದು ಮಾತು ಹೇಳಿದ್ರೆ ಸಂಜೆಯ ಆ ಒಂದು ಗಂಟೆ ಸಾರ್ಥಕ. ಹೇಳದೇ ಇದ್ರೆ ಒಳ್ಳೇ ಮನಸ್ಸಿನ ಹುಡುಗಿ, ಒಳ್ಳೇ ಹುಡುಗ ಸೇರಿ ತಪ್ಪನ್ನೇ ಗಟ್ಟಿ ಮಾಡ್ಕೋತಾರೆ.

ಓದೋದರಲ್ಲೂ ಹಂಗೇ. "ಬೆಕ್ಕು" ಅಂತ ಚಿತ್ರ ನೋಡಿ ಹೇಳೋ ಮಗು, ಚಿತ್ರ ತೆಗೆದ್ರೆ "ಬೆಕು" ಅನ್ನುತ್ತೆ, ಒತ್ತಕ್ಷರ ಕಣ್ಣಿಗೇ ಬಿದ್ದಿರಲ್ಲ. ಪಾಠ ಪೂರ್ತಿ ಬಾಯಿಪಾಠ ಇರೋದ್ರಿಂದ ಮನೇಲಿ ಎಲ್ರೂ ಚೆನ್ನಾಗಿ ಓದ್ತಾನೆ ಅಂದ್ಕೊಂಡಿರ್ತಾರೆ. ಬಾಗಿಲ ಹತ್ರ ಕೇಳಿದ ಆ ತಾಯಿಗೆ "ಒತ್ತಕ್ಷರ ಬಂದ್ರೆ ನಿಲ್ತಾನೆ ಕಣಕ್ಕ, ಬಸ್ ಬೋರ್ಡು, ಅಂಗಡಿ ಬೋರ್ಡು ಕಂಡಲ್ಲೆಲ್ಲ ಓದ್ಸಿ" ಅಂತ ಹೇಳಿದ್ರೆ ಅಕ್ಷರ ಬರದ ತಾಯಿನೂ "ಅದೇನು ಬರ್ದಿದೆ ಹೇಳೋ" ಅಂತ ಕೇಳಬಲ್ಲಳು. ಅಷ್ಟು ಖಚಿತವಾಗಿ ಹೇಳೋಕೆ ಟೀಚರ್‌ಗೆ ಆ ಮಗು ಗೊತ್ತಿರ್ಬೇಕು.

ಇದಕ್ಕೆ ತಿರುಗಾ ಮುರುಗಾ ಇನ್ನೊಂದು ಇದೆ, ಊರವರಿಗೆ ಗೊತ್ತಿರೋದು ಟೀಚರ್‌ಗೆ ಗೊತ್ತಿರಲ್ಲ. ಕಲಬುರಗಿ ಕಡೆ ಲಂಬಾಣಿ ತಾಂಡಾದಿಂದ ಬರೋ ಮಗು, ಮಂಗಳೂರು ಕಡೆ ಮನೇಲಿ ಬ್ಯಾರಿನೋ ತುಳುನೋ ಮಾತಾಡೋ ಮಗು, ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಮಗು, ಒಂದನೇ ಕ್ಲಾಸಲ್ಲಿ ಪುಸ್ತಕದ ಕನ್ನಡ ಕೇಳಿ ಸುಮ್ನೆ ಕೂತ್ರೆ ದಡ್ಡ ಅಂತಲ್ಲ. ವರ್ಗಾವಣೆ ಆಗಿ ಬೇರೆ ಜಿಲ್ಲೆಯಿಂದ ಬಂದ ಟೀಚರ್‌ಗೆ ಆ ಭಾಷೆ ಬರಲ್ಲ. ತಾಂಡಾದ ಅಂಗನವಾಡಿ ಸಹಾಯಕಿನೋ, ಬಿಸಿಯೂಟದ ಅಕ್ಕನೋ, ದೊಡ್ಡ ಕ್ಲಾಸಿನ ಹುಡುಗಿನೋ ಪಕ್ಕ ಕೂತು ಎರಡು ಮಾತು ಅವರ ಭಾಷೇಲಿ ಹೇಳಿದ್ರೆ ಆ ಮಗು ಬಾಯಿ ಬಿಡುತ್ತೆ. ದುಡ್ಡಿಗಿಂತ ದೊಡ್ಡ ಸಮುದಾಯದ ಕೊಡುಗೆ ಇದು, ಆದ್ರೆ ದಾನಿಗಳ ಬೋರ್ಡಲ್ಲಿ ಇದಕ್ಕೆ ಹೆಸರಿರಲ್ಲ.

ಶಾಲೆ ಆಚೆ ಚೆನ್ನಾಗಿ ನಡೀತಿರೋದು ಅಂದ್ರೆ ನನ್ನ ಪ್ರಕಾರ ಗ್ರಾಮ ಪಂಚಾಯಿತಿ ಲೈಬ್ರರಿಗಳು. 2019ರಲ್ಲಿ ಇವು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು, 2020ರ ನವೆಂಬರ್‌ನಲ್ಲಿ ಮಕ್ಕಳ ದಿನಾಚರಣೆಗೆ "ಓದುವ ಬೆಳಕು" ಶುರುವಾಯ್ತು, ಮಕ್ಕಳಿಗೆ ಫ್ರೀ ಸದಸ್ಯತ್ವ. ಈಗ ಅವಕ್ಕೆ ಅರಿವು ಕೇಂದ್ರ ಅಂತ ಹೆಸರು. ಎಲ್ಲಾ ಕಡೆ ಒಂದೇ ಥರ ಇಲ್ಲ, ಕೆಲವು ಕಡೆ ಬೀಗ, ಕೆಲವು ಕಡೆ ಸಂಜೆ ಮಕ್ಕಳ ಗಲಾಟೆ. ಮೇಲ್ವಿಚಾರಕರ ಮೇಲೆ ನಿಂತಿದೆ. ನಂಗೆ ಇಷ್ಟ ಆಗಿದ್ದು ಏನಂದ್ರೆ ಅಲ್ಲಿ ಪರೀಕ್ಷೆ ಇಲ್ಲ, ಮೇಷ್ಟ್ರೂ ಇಲ್ಲ, ಮಗು ಬೇಕಾದ್ದು ಓದ್ಬಹುದು. ಹಾಗೇ ಅಕ್ಷರ ಫೌಂಡೇಶನ್‌ನವರು ಪಂಚಾಯಿತಿ ಮಟ್ಟದಲ್ಲಿ ಮಾಡೋ ಗಣಿತ ಸ್ಪರ್ಧೆ, ನಾಲ್ಕರಿಂದ ಆರನೇ ಕ್ಲಾಸಿನ ಮಕ್ಕಳಿಗೆ, ಬಹುಮಾನ ಊರಿನ ದಾನಿಗಳದ್ದು. ಅಪ್ಪ ಅಮ್ಮ ಬಂದು ಕೂತು ನೋಡ್ತಾರೆ, ಇಡೀ ಪಂಚಾಯಿತಿ ಮಕ್ಕಳು ಯಾವ ಲೆಕ್ಕದಲ್ಲಿ ಎಡವ್ತಾರೆ ಅಂತ ಎಲ್ಲರೆದುರೇ ಗೊತ್ತಾಗುತ್ತೆ. ಬಹುಮಾನ ಹಂಚಿ ಫೋಟೋ ತೆಗೆಸ್ಕೊಂಡು ಹೋದ್ರೆ ಅಲ್ಲಿಗೇ ಮುಗೀತು. ಮಾರನೇ ದಿನ ಆ ಉತ್ತರ ಪತ್ರಿಕೆ ಇಟ್ಕೊಂಡು ಟೀಚರ್‌ಗಳು ಕೂತು ನೋಡಿದ್ರೆ ಮುಂದಿನ ತಿಂಗಳ ಪಾಠ ಅಲ್ಲೇ ಇದೆ.

ದುಡ್ಡಿನ ವಿಷಯಕ್ಕೆ ಬರೋಣ, ಇದು ಸ್ವಲ್ಪ ಖಾರ. ದಕ್ಷಿಣ ಕನ್ನಡ, ಉಡುಪಿ ಕಡೆ ಹೋದ್ರೆ ಹಳೆ ವಿದ್ಯಾರ್ಥಿ ಸಂಘದವರು ಶಾಲೆಗೆ ವ್ಯಾನ್ ಕೊಡಿಸಿರ್ತಾರೆ, ಎಸ್‌ಡಿಎಂಸಿಯವರು ದುಡ್ಡು ಹೊಂದಿಸಿ ಗೌರವ ಶಿಕ್ಷಕಿಯರನ್ನ ಇಟ್ಕೊಂಡಿರ್ತಾರೆ, ಸರ್ಕಾರ ಕೊಡೋಕೆ ಮುಂಚೇನೇ ಎಲ್‌ಕೆಜಿ ಯುಕೆಜಿ ನಡೆಸಿದಾರೆ. ಬಂಟ್ವಾಳ ತಾಲ್ಲೂಕಿನ ದಡ್ಡಲಕಾಡು ಶಾಲೆನ ಮುಚ್ಚೋ ಸ್ಥಿತಿಯಿಂದ ಎತ್ತಿ ನಿಲ್ಲಿಸಿದ್ದು ಊರಿನ ಯುವಕರ ಕ್ಲಬ್ಬು. ಹರೇಕಳ ಹಾಜಬ್ಬನವರು ಕಿತ್ತಳೆ ಮಾರಿದ ದುಡ್ಡಲ್ಲಿ ನ್ಯೂಪಡ್ಪಿನಲ್ಲಿ ಶಾಲೆ ಆಗೋ ಹಾಗೆ ಮಾಡಿ ಪದ್ಮಶ್ರೀ ತಗೊಂಡಿದ್ದು ಎಲ್ರಿಗೂ ಗೊತ್ತು. ಇದನ್ನೆಲ್ಲ ನೋಡಿ ಅಧಿಕಾರಿಗಳು ಉಳಿದ ಜಿಲ್ಲೆಗಳಿಗೆ "ನೀವೂ ಹೀಗೆ ಮಾಡಿ" ಅಂತಾರೆ. ಯಾದಗಿರಿ, ರಾಯಚೂರಿನ ಹಳ್ಳಿಗಳಲ್ಲಿ ಸುಗ್ಗಿ ಮುಗಿದ್ಮೇಲೆ ಊರಿಗೆ ಊರೇ ಗುಳೆ ಹೋಗುತ್ತೆ, ಅಪ್ಪ ಅಮ್ಮ ಬೆಂಗಳೂರು ಕಟ್ಟಡ ಕೆಲಸದಲ್ಲಿ, ಮಗು ಅಜ್ಜಿ ಹತ್ರ, ಇಲ್ಲಾಂದ್ರೆ ಜೊತೇಲೇ. ಅಲ್ಲಿ ಎಸ್‌ಡಿಎಂಸಿ ಸಭೆಗೆ ಕೋರಂ ಆಗೋದೇ ಕಷ್ಟ, ಇನ್ನು ಗೌರವ ಶಿಕ್ಷಕಿಗೆ ಸಂಬಳ ಕೊಡೋದು ಯಾರು? ಊರಿನ ಶಕ್ತಿ ಮೇಲೆ ಬಿಟ್ರೆ ಇರೋ ಕಡೆ ಇನ್ನೂ ಸೇರುತ್ತೆ, ಇಲ್ಲದ ಕಡೆ ಇನ್ನೂ ಹೋಗುತ್ತೆ.

2022ರ ಅಕ್ಟೋಬರ್‌ನಲ್ಲಿ ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ತಗೋಬಹುದು ಅಂತ ಶಿಕ್ಷಣ ಇಲಾಖೆ ಸುತ್ತೋಲೆ ಬಂತಲ್ಲ, ಸ್ವಯಂಪ್ರೇರಿತ ಅಂತ ಹೇಳಿದ್ರು, ಜನ ಬೈದ್ರು, ಕೆಲವೇ ದಿನದಲ್ಲಿ ವಾಪಸ್ ತಗೊಂಡ್ರು. ಒಳ್ಳೇದೇ ಆಯ್ತು. ಆ ದುಡ್ಡು ಕೇಳ್ಬೇಕಾಗಿದ್ದು ಯಾರು, ಹೆಡ್‌ಮಾಸ್ಟ್ರು. ಯಾವ ತಾಯಿ ಹತ್ರ ಮಗು ಓದಿನ ಬಗ್ಗೆ ಮಾತಾಡ್ಬೇಕೋ ಅವಳ ಹತ್ರಾನೇ ನೂರು ರೂಪಾಯಿ ಬಾಕಿ ಕೇಳಿದ್ರೆ ಆಮೇಲೆ ಆಕೆ ಶಾಲೆ ಕಡೆ ತಲೆ ಹಾಕ್ತಾಳಾ?

ಇನ್ನು "ಸಮುದಾಯ" ಅಂತ ಬಾಯ್ತುಂಬ ಹೇಳ್ತೀವಲ್ಲ, ಅದು ಒಂದೇ ಮನಸ್ಸಿನ ಜನ ಏನಲ್ಲ. ಬಿಸಿಯೂಟ ಮಾಡೋದು ದಲಿತ ಹೆಂಗಸು ಅಂತ ಮಕ್ಕಳನ್ನ ಊಟಕ್ಕೆ ಬಿಡದ ಸುದ್ದಿ ನಮ್ಮ ರಾಜ್ಯದಲ್ಲೇ ಆಗಾಗ ಓದ್ತೀವಿ. ಎಸ್‌ಡಿಎಂಸಿ ಅಧ್ಯಕ್ಷ ಯಾರಾಗ್ಬೇಕು ಅನ್ನೋದರಲ್ಲಿ ಪಾರ್ಟಿ, ಜಾತಿ, ಪಂಚಾಯಿತಿ ಎಲೆಕ್ಷನ್ ಎಲ್ಲಾ ಸೇರ್ಕೊಳ್ಳುತ್ತೆ. ಇಂಥ ಕಡೆ ಊರವರ ಮಾತು ಕೇಳಲ್ಲ ಅಂತ ನಿಲ್ಲೋದೂ ಮೇಷ್ಟ್ರ ಕೆಲಸವೇ, ಎಲ್ಲಾ ಮಕ್ಕಳನ್ನ ಒಂದೇ ಪಂಕ್ತೀಲಿ ಕೂರಿಸಿ ತಾವೂ ಕೂತು ಊಟ ಮಾಡೋ ಹೆಡ್‌ಮಾಸ್ಟ್ರು ನಮ್ಮಲ್ಲಿ ಇದಾರೆ. ಹಾಗೆ ನಿಂತೋರಿಗೆ ಮೇಲಿನವರ ಬೆಂಬಲ ಇಲ್ಲದಿದ್ರೆ ಮುಂದಿನ ವರ್ಷ ಅವರೇ ವರ್ಗಾವಣೆ ಕೇಳ್ಕೊಂಡು ಹೋಗ್ತಾರೆ.

ಇಷ್ಟೆಲ್ಲಾ ಮಾಡೋ ಮನುಷ್ಯನ ಬೆಳಗ್ಗೆ ಹೆಂಗಿರುತ್ತೆ ನೋಡಿ, ಇಬ್ರೇ ಶಿಕ್ಷಕರಿರೋ ಹಳ್ಳಿ ಶಾಲೆ. ಬಂದ ತಕ್ಷಣ ಹಾಲಿನ ಪುಡಿ, ರಾಗಿ ಮಾಲ್ಟು. ಮೊಟ್ಟೆ ಲೆಕ್ಕ. 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಲ್ಲಿ ವಾರಕ್ಕೆ ಆರು ದಿನ ಮೊಟ್ಟೆ, ಎರಡು ದಿನದ್ದು ಸರ್ಕಾರದ್ದು, ನಾಲ್ಕು ದಿನದ್ದು ಅವರದ್ದು. ಮಕ್ಕಳಿಗೆ ಇದಕ್ಕಿಂತ ಒಳ್ಳೇದು ಏನಿದೆ, ಕೊಡ್ಲೇಬೇಕು. ಆದ್ರೆ ಅಂಗಡೀಲಿ ರೇಟು ಏರಿದಾಗ ಚೌಕಾಸಿ ಮಾಡೋದು ಹೆಡ್‌ಮಾಸ್ಟ್ರು, ತಿನ್ನದೇ ಇರೋ ಮಕ್ಕಳಿಗೆ ಬಾಳೆಹಣ್ಣು ತರೋದು ಅವರೇ, ಎಷ್ಟು ಮಕ್ಕಳು ತಿಂದ್ರು ಅಂತ ಆನ್‌ಲೈನ್‌ನಲ್ಲಿ ಹಾಕೋದೂ ಅವರೇ. ಆಮೇಲೆ ಮಕ್ಕಳ ಮಾಹಿತಿ ಆನ್‌ಲೈನ್‌ನಲ್ಲಿ ತುಂಬೋ ಎಸ್‌ಎಟಿಎಸ್ ಎಂಟ್ರಿ, ಸುತ್ತಲಿನ ಶಾಲೆಗಳ ಗುಂಪು ಅಂದ್ರೆ ಕ್ಲಸ್ಟರ್ ನೋಡ್ಕೊಳ್ಳೋ ಸಿಆರ್‌ಪಿ ಫೋನು, ವಾಟ್ಸಾಪ್ ಗ್ರೂಪಲ್ಲಿ "ಅತಿ ಜರೂರು, 11 ಗಂಟೆ ಒಳಗೆ" ಅಂತ ಒಂದು ಎಕ್ಸೆಲ್ ಶೀಟು. ಇನ್ನೊಬ್ರು ಟೀಚರ್ ಬಿಎಲ್‌ಒ, ಅಂದ್ರೆ ಮತಗಟ್ಟೆ ಮಟ್ಟದ ಅಧಿಕಾರಿ ಆಗಿದ್ರೆ ಮತದಾರರ ಪಟ್ಟಿ. ಅಷ್ಟೊತ್ತಿಗೆ ನಲಿ ಕಲಿ ಕೋಣೇಲಿ ಐದು ತಟ್ಟೇನೂ ಐದನೇ ತಟ್ಟೆ ಆಗಿರುತ್ತೆ, ಎಲ್ಲಾ ಸ್ವಕಲಿಕೆ!

ಖಾಲಿ ಹುದ್ದೆಗೆ ಅತಿಥಿ ಶಿಕ್ಷಕರು ಬರ್ತಾರೆ, ಈಗೀಗ ವರ್ಷಕ್ಕೆ ಸುಮಾರು 50 ಸಾವಿರ ಜನ ಬೇಕಾಗ್ತಿದಾರೆ. 2025-26ರ ಬಜೆಟ್‌ನಲ್ಲಿ ಅವರ ಗೌರವಧನ 2,000 ರೂಪಾಯಿ ಏರಿಸಿದ್ರು, ಆದ್ರೂ ಅದರಲ್ಲಿ ಮನೆ ನಡೆಯಲ್ಲ. ಅವರಲ್ಲಿ ಎಷ್ಟೋ ಜನ ಅದೇ ಊರಿನವರು, ಮಕ್ಕಳ ಮನೆ ಗೊತ್ತು, ಭಾಷೆ ಗೊತ್ತು, ಊರು ಮತ್ತು ಶಾಲೆ ನಡುವೆ ನಿಲ್ಲೋಕೆ ಅವರಿಗಿಂತ ಸರಿಯಾದೋರು ಇಲ್ಲ. ಆದ್ರೆ ಪ್ರತಿ ವರ್ಷ ಹೊಸದಾಗಿ ಆಯ್ಕೆ, ಶಾಲೆ ಶುರುವಾಗಿ ಒಂದಷ್ಟು ದಿನ ಆದ್ಮೇಲೆ ಬರ್ತಾರೆ, ಬೇಸಿಗೆಗೆ ಮುಗೀತು. 52ರಲ್ಲಿ 27 ಕಳೆಯೋ ಹುಡುಗನ ಎಡವಟ್ಟು ಏನು ಅಂತ ಗೊತ್ತಾಗೋ ಹೊತ್ತಿಗೆ ಅವರೇ ಇರಲ್ಲ.

ಹಾಗಾದ್ರೆ ಏನು ಮಾಡೋದು ಅಂದ್ರೆ, ದೊಡ್ಡ ಯೋಜನೆ ಏನೂ ಬೇಡ, ಯೋಜನೆಗಳು ಈಗಿರೋವೇ ಸಾಕು. ಪ್ರತಿ ಶಾಲೆ ಟೈಮ್ ಟೇಬಲ್‌ನಲ್ಲಿ ವಾರಕ್ಕೆ ಎರಡು ಪೀರಿಯಡ್ ಶಿಕ್ಷಕರಿಗೆ ಊರಿನ ಜೊತೆಗಿನ ಕೆಲಸಕ್ಕೇ ಇಡಲಿ, ಪೋಷಕರ ಜೊತೆ ಮಾತು, ಸಂಜೆ ಪಾಠ ಹೇಳೋರ ಜೊತೆ ಮಾತು, ಅರಿವು ಕೇಂದ್ರದವರ ಜೊತೆ ಮಾತು, ಅದನ್ನ ಪಾಠದಷ್ಟೇ ಕೆಲಸ ಅಂತ ಎಣಿಸ್ಲಿ. ಎಂಟ್ರಿ ಕೆಲಸಕ್ಕೆ ಕ್ಲಸ್ಟರ್‌ಗೊಬ್ಬ ಆಪರೇಟರ್ ಕೊಡ್ಲಿ, ಅದಕ್ಕೆ ಬಿಎಡ್ ಬೇಕಾಗಿಲ್ಲ. ಅತಿಥಿ ಶಿಕ್ಷಕರನ್ನ ಕೊನೇ ಪಕ್ಷ ಮೂರು ವರ್ಷ ಅದೇ ಶಾಲೇಲಿ ಬಿಡ್ಲಿ. ಎಸ್‌ಡಿಎಂಸಿ ಸಭೆ ಕಾಂಪೌಂಡಿನಿಂದ ಶುರುವಾಗೋದು ಬಿಟ್ಟು ವರ್ಷದ ಶುರುವಲ್ಲಿ ಹಿಂದಿನ ಕ್ಲಾಸಿನ ಕಲಿಕೆ ನೋಡೋ ಸೇತುಬಂಧದ ಪರೀಕ್ಷೆ ಫಲಿತಾಂಶದಿಂದ ಶುರುವಾಗ್ಲಿ, ಎಷ್ಟು ಮಕ್ಕಳಿಗೆ ಒತ್ತಕ್ಷರ ಬರುತ್ತೆ, ಎಷ್ಟು ಮಕ್ಕಳಿಗೆ ಬರಲ್ಲ, ಹೆಸರು ಹೇಳದೇನೇ. ಸಮೀಕ್ಷೆಗೆ ಮನೆಮನೆಗೂ ಕಳಿಸೋಕೆ ಹತ್ತು ದಿನ ರಜೆ ಕೊಡೋಕೆ ಆಗೋದಾದ್ರೆ, ಮಗುವಿನ ಓದಿನ ಬಗ್ಗೆ ಮಾತಾಡೋಕೆ ವರ್ಷಕ್ಕೆರಡು ದಿನ ಮನೆಮನೆಗೆ ಕಳಿಸೋಕೆ ಆಗಲ್ವಾ?

ಇದರ ಮಧ್ಯೆ ಈಗ ಕೆಪಿಎಸ್ ಬಂದಿದೆ. 2025-26ರ ಬಜೆಟ್‌ನಲ್ಲಿ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕ್ ನೆರವಲ್ಲಿ 500 ಹೊಸ ಕರ್ನಾಟಕ ಪಬ್ಲಿಕ್ ಸ್ಕೂಲ್ ಮಾಡ್ತೀವಿ ಅಂದಿದಾರೆ. ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಕಡೆ, ವಿಷಯಕ್ಕೊಬ್ಬ ಟೀಚರ್, ಲ್ಯಾಬು, ಬಸ್ಸು. ಇಬ್ರು ಟೀಚರ್ ಇಡೀ ಶಾಲೆ ಎಳೆಯೋ ಕಷ್ಟ ನೋಡಿದೋರಿಗೆ ಇದು ಆಸೆ ಹುಟ್ಟಿಸೋದು ಸಹಜ, ನಂಗೂ ಹುಟ್ಟಿಸುತ್ತೆ. ಸುತ್ತಮುತ್ತಲ ಸಣ್ಣ ಶಾಲೆಗಳನ್ನ ಅದಕ್ಕೆ ಸೇರಿಸಿ ಮುಚ್ತಾರೆ ಅಂತ ವಿರೋಧಾನೂ ಜೋರಾಗಿದೆ. ನನ್ನ ಪ್ರಶ್ನೆ ಅದಕ್ಕಿಂತ ಚಿಕ್ಕದು. ಐದಾರು ಹಳ್ಳಿ ಮಕ್ಕಳು ಒಂದೇ ಕ್ಯಾಂಪಸ್ಸಿಗೆ ಬಂದ್ರೆ ಅಲ್ಲಿ ಎಸ್‌ಡಿಎಂಸಿ ಯಾವ ಊರಿನವರದ್ದು, ದೂರದ ಹಳ್ಳಿಯ ಕೂಲಿ ತಾಯಿ ಒಂದು ದಿನದ ಕೂಲಿ ಬಿಟ್ಟು ಬಸ್ ಹತ್ತಿ ಸಭೆಗೆ ಬರ್ತಾಳಾ, ಆ ಟೀಚರ್‌ಗೆ ಐದಾರು ಊರಿನ ಕೇರಿ ಗೊತ್ತಿರೋದು ಹೇಗೆ. ಸಭೆಗಳನ್ನ ಕ್ಯಾಂಪಸ್ಸಲ್ಲೇ ಮಾಡ್ಬೇಕು ಅಂತೇನಿಲ್ಲ, ಊರೂರಿಗೆ ಹೋಗಿ ಅರಿವು ಕೇಂದ್ರದಲ್ಲೋ ಪಂಚಾಯಿತಿ ಕಟ್ಟಡದಲ್ಲೋ ಸಂಜೆ ಹೊತ್ತು ಮಾಡ್ಬಹುದು, ಶಾಲೆ ಬಸ್ಸು ಹೇಗೂ ಆ ಊರಿಗೆ ಹೋಗುತ್ತೆ, ಟೀಚರ್‌ಗಳೂ ಅದರಲ್ಲೇ ಹೋಗಿ ಬರಬಹುದು. ಕೆಪಿಎಸ್ ಮಾರ್ಗಸೂಚೀಲಿ ಸ್ಮಾರ್ಟ್ ಕ್ಲಾಸಿನ ಪಕ್ಕ ಇಂಥದ್ದೊಂದು ಸಾಲು ಸೇರಿಸೋಕೆ ಎಡಿಬಿ ಸಾಲಾನೂ ಬೇಕಾಗಿಲ್ಲ.